ಬಹುವಚನವಿಲ್ಲದ ಮರ್ಯಾದೆ: ಲುವೊ ಜನರ ನಡುವೆ ಮಾತನಾಡುವ ಬಗೆ

(ಪಶ್ಚಿಮ ಕೀನ್ಯಾಕ್ಕೆ ಕೆಲಸಕ್ಕೆಂದು ಹೊರಟವರು ಮತ್ತು ಭಾಷಾಸಕ್ತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕನ್ನಡಿಗರು ಹೊಸ ಭಾಷೆಯೊಂದನ್ನು ಕಲಿಯಲು ಕುಳಿತರೆ ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತಾರೆ: ಇದರಲ್ಲಿ ‘ನೀವು’ ಎನ್ನುವುದಕ್ಕೆ ಏನು ಹೇಳುತ್ತಾರೆ? ಹಿರಿಯರನ್ನು ಏಕವಚನದಲ್ಲಿ ಮಾತನಾಡಿಸಬಾರದು ಎಂಬುದು ನಮಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಆದ ಪಾಠ. ಲುವೊ ಜನರಾಡುವ ಧೊಲುವೊ ಭಾಷೆಯಲ್ಲಿ ಈ ಪ್ರಶ್ನೆಗೆ ನಮಗೆ ಸಮಾಧಾನವಾಗುವ ಉತ್ತರ ಸಿಗುವುದಿಲ್ಲ. ಎದುರಿಗೆ ಒಬ್ಬರಿದ್ದರೆ ‘ಇನ್’, ಹಲವರಿದ್ದರೆ ‘ಉನ್’. ಆ ಒಬ್ಬರು ಐದು ವರ್ಷದ ಹುಡುಗಿಯಾಗಿರಲಿ, ಎಂಬತ್ತು ದಾಟಿದ ಯಜಮಾನರಾಗಿರಲಿ, ಚರ್ಚಿನ ಬಿಷಪ್ ಆಗಿರಲಿ, ‘ಇನ್’ ಎಂದೇ. ಹೇಗಿದ್ದೀರಿ ಎಂದು ಕೇಳುವಾಗ ‘ಇಧಿ ನಾದೆ?’ ಎನ್ನುತ್ತಾರೆ. ಅದರ ಮೊದಲಿನ ‘ಇ’ ಎಲ್ಲರಿಗೂ ಒಂದೇ.

ಹಾಗಾದರೆ ಅಲ್ಲಿ ಹಿರಿಯರು ಕಿರಿಯರು ಎಂಬುದೇ ಇಲ್ಲವೇನೋ ಎಂದುಕೊಂಡರೆ ಪೂರ್ತಿ ತಪ್ಪಾಗುತ್ತದೆ. ಲುವೊ ಮನೆತನಗಳಲ್ಲಿ ಹಿರಿತನದ ಲೆಕ್ಕ ಬಹಳ ಬಿಗಿ. ಬಿತ್ತನೆಗೆ ಯಾರು ಮೊದಲು ಕೈ ಹಾಕಬೇಕು, ಅಣ್ಣ ತಮ್ಮಂದಿರಲ್ಲಿ ಯಾರ ಮದುವೆ ಮೊದಲಾಗಬೇಕು, ಮನೆ ಕಟ್ಟುವುದರಲ್ಲಿ ಯಾರು ಮುಂದು ಎನ್ನುವುದಕ್ಕೆಲ್ಲ ಒಂದು ಸಾಲು ಇದೆ. ಆ ಸಾಲು ತಪ್ಪಿಸಿದವರಿಗೆ ‘ಚೀರಾ’ ತಟ್ಟುತ್ತದೆ, ಮೈ ಸೊರಗುತ್ತಾ ಹೋಗುತ್ತದೆ ಎಂಬುದು ಹಳಬರ ನಂಬಿಕೆ. ಗೌರವಕ್ಕೆ ಅವರ ಮಾತು ‘ಲುವೊರ್’. ಅದು ಬೇಕಾದಷ್ಟಿದೆ. ಕ್ರಿಯಾಪದದ ತುದಿಯಲ್ಲಿ ಹುಡುಕಿದರೆ ಮಾತ್ರ ಸಿಗುವುದಿಲ್ಲ. ನನ್ನ ಪ್ರಕಾರ ಅದು ಮುಖ್ಯವಾಗಿ ಎರಡು ಕಡೆ ಇದೆ: ಮಾತಿಗೆ ಮುನ್ನ ನೀವು ಕೊಡುವ ಸಮಯದಲ್ಲಿ, ಮತ್ತು ಎದುರಿಗಿರುವವರು ಯಾರಿಗೆ ಏನಾಗಬೇಕು, ಎಲ್ಲಿಯವರು ಎಂಬುದನ್ನು ಗುರುತಿಸಿ ಕರೆಯುವುದರಲ್ಲಿ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಇವೆರಡರ ಸುತ್ತಲಿನದು.

ಭಾಷೆಯ ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ವಿಕ್ಟೋರಿಯಾ ಸರೋವರವನ್ನು ಲುವೊ ಜನ ‘ನಾಮ್ ಲೊಲ್ವೆ’ ಎನ್ನುತ್ತಾರೆ. ಅದರ ಪೂರ್ವ ದಂಡೆಯ ಕಿಸುಮು, ಸಿಯಾಯ, ಹೋಮಾ ಬೇ, ಮಿಗೊರಿ ಕೌಂಟಿಗಳು ಕೀನ್ಯಾದಲ್ಲಿ ಧೊಲುವೊದ ಮನೆ. ಗಡಿ ದಾಟಿದರೆ ಟಾಂಜಾನಿಯಾದ ಮಾರಾ ಪ್ರಾಂತ್ಯದಲ್ಲೂ ಈ ಭಾಷೆ ಇದೆ. 2019ರ ಜನಗಣತಿಯಲ್ಲಿ ಕೀನ್ಯಾದ ಲುವೊ ಜನರ ಸಂಖ್ಯೆ 50 ಲಕ್ಷ ದಾಟಿತ್ತು. ಇದು ನೈಲೋಟಿಕ್ ಕುಟುಂಬದ ಭಾಷೆ, ಉಗಾಂಡದ ಅಚೋಲಿ, ಲಾಂಗೊ, ಅಲೂರ್‌ಗಳ ಒಡಹುಟ್ಟು. ಬಾಂಟು ಕುಟುಂಬದ ಸ್ವಾಹಿಲಿಗೂ ಇದಕ್ಕೂ ರಕ್ತಸಂಬಂಧವಿಲ್ಲ. ಆದ್ದರಿಂದ ಸ್ವಾಹಿಲಿ ಬಂದರೆ ಇದೂ ಬಂದಂತೆ ಎಂದು ಯಾರೂ ಭಾವಿಸಬೇಡಿ. ಮೊಂಬಾಸಾದಿಂದ ಹೊರಟ ರೈಲು ದಾರಿ 1901ರಲ್ಲಿ ಕಿಸುಮು ಮುಟ್ಟಿತು. ಅದನ್ನು ಕಟ್ಟಲು ಬಂದ ಕೂಲಿಗಳಲ್ಲಿ ಹೆಚ್ಚಿನವರು ಪಂಜಾಬಿನವರು. ಅಂಗಡಿ ಇಟ್ಟವರಲ್ಲಿ ಗುಜರಾತಿಗಳು ಬಹಳ. ನೂರು ವರ್ಷ ಮೀರಿದ ಒಡನಾಟ ಅದು. ಏಷ್ಯನ್ ಮೂಲದ ಶಕೀಲ್ ಶಬ್ಬೀರ್ ಅವರನ್ನು ಕಿಸುಮುವಿನ ಲುವೊ ಮತದಾರರು ಹಲವು ಬಾರಿ ಸಂಸತ್ತಿಗೆ ಆರಿಸಿ ಕಳಿಸಿದ್ದಾರೆ. ಭಾರತೀಯ ಮುಖ ಅಲ್ಲಿ ಹೊಸದಲ್ಲ. ಆ ಮುಖದಿಂದ ಧೊಲುವೊ ಕೇಳಿದಾಗ ಆಗುವ ಸಂತೋಷ ಮಾತ್ರ ಪ್ರತಿ ಸಲವೂ ಹೊಸದು.

ಈಗ ಮೊದಲನೆಯದಕ್ಕೆ ಬರುತ್ತೇನೆ, ಸಮಯಕ್ಕೆ.

ಬೆಳಗಿನ ಹೊತ್ತು ಸಿಕ್ಕವರಿಗೆ ‘ಒಯಾವೊರೆ’ ಎನ್ನಬೇಕು. ‘ಒಯಾವೊರೆ ಅಹಿನ್ಯಾ’ ಎಂದು ಉತ್ತರ ಬರುತ್ತದೆ. ‘ಅಹಿನ್ಯಾ’ ಎಂದರೆ ಬಹಳ. ನೀವು ಕೊಟ್ಟದ್ದಕ್ಕಿಂತ ಒಂದು ಹಿಡಿ ಹೆಚ್ಚಿಗೆ ಸೇರಿಸಿ ಹಿಂದಿರುಗಿಸುವುದು ಅಲ್ಲಿನ ಕ್ರಮ. ಸಂಜೆಗೆ ‘ಒಯಿಮೊರೆ’. ಹೊತ್ತಿನ ಹಂಗಿಲ್ಲದೆ ಹೇಳಬಹುದಾದದ್ದು ‘ಮಿಸಾವಾ’. ಧೊಲುವೊ ರೇಡಿಯೋ ಹಾಕಿದರೆ ಕಿವಿಗೆ ಮೊದಲು ಬೀಳುವ ಮಾತುಗಳಲ್ಲಿ ಅದೂ ಒಂದು. ‘ಅಮೊಸಿ’ ಎಂದರೆ ನಿಮಗೆ ವಂದಿಸುತ್ತಿದ್ದೇನೆ ಎಂದು ನೇರವಾಗಿ ಹೇಳುವುದು. ಸಮವಯಸ್ಕ ಗೆಳೆಯರು ‘ನಾದೆ?’ ಎಂದಷ್ಟೇ ಕೇಳಿ, ‘ಬೆರ್’ ಎಂಬ ಉತ್ತರ ಪಡೆದು ಮುಂದೆ ಹೋಗುತ್ತಾರೆ. ಹಿರಿಯರೊಂದಿಗೆ ಹಾಗೆ ಒಂದೇ ಪದಕ್ಕೆ ಮುಗಿಸುವಂತಿಲ್ಲ.

ಹಳ್ಳಿಯ ಮನೆಯೊಂದಕ್ಕೆ ಬೆಳಿಗ್ಗೆ ಹೋಗಿದ್ದೀರಿ ಎಂದುಕೊಳ್ಳಿ. ಅಂಗಳದಲ್ಲಿ ವಯಸ್ಸಾದ ತಾಯಿ ಜೋಳದ ಕಾಳು ಆರಿಸುತ್ತಾ ಕುಳಿತಿದ್ದಾರೆ. ‘ಅಮೊಸಿ, ಮಾಮಾ’ ಎನ್ನುತ್ತೀರಿ. ಅವರು ಕೈಯಲ್ಲಿದ್ದ ಕಾಳನ್ನು ತಟ್ಟೆಗೆ ಬಿಟ್ಟು ಕೈ ಒರೆಸಿಕೊಂಡು ನಿಮ್ಮ ಕೈ ಹಿಡಿಯುತ್ತಾರೆ. ‘ಇಚ್ಯೆವ್ ನಾದೆ?’ ಎಂದು ಕೇಳುತ್ತಾರೆ. ಬೆಳಿಗ್ಗೆ ಎದ್ದಾಗ ಹೇಗಿದ್ದೆ ಎಂದು. ‘ಅಚ್ಯೆವ್ ಮಾಬೆರ್.’ ಚೆನ್ನಾಗಿ ಎದ್ದೆ. ‘ನ್ಯಿಥಿಂದೊ ಧಿ ನಾದೆ?’ ಮಕ್ಕಳು ಹೇಗಿದ್ದಾರೆ? ‘ಗಿಧಿ ಮಾಬೆರ್.’ ಚೆನ್ನಾಗಿದ್ದಾರೆ. ಈಗ ನೀವು ಕೇಳುವ ಸರದಿ. ಅವರ ಮಕ್ಕಳು, ಮನೆಯವರು, ಊರು, ಮಳೆ. ಇಷ್ಟು ಹೊತ್ತೂ ಕೈ ಕೈಯಲ್ಲೇ ಇರುತ್ತದೆ. ಅಂಗಳದಲ್ಲಿ ಇನ್ನೂ ನಾಲ್ಕು ಜನರಿದ್ದರೆ ನಾಲ್ವರ ಕೈಯನ್ನೂ ಕುಲುಕಬೇಕು. ಮೂಲೆಯಲ್ಲಿ ಕುಳಿತ ಮಗುವನ್ನೂ ಬಿಡುವಂತಿಲ್ಲ. ಹಿರಿಯರಿಗೆ ಕೈ ನೀಡುವಾಗ ಬಲಗೈಯ ಮುಂಗೈಯನ್ನು ಎಡಗೈಯಿಂದ ಹಿಡಿದುಕೊಳ್ಳುವುದು ಕೀನ್ಯಾದ ಅನೇಕ ಕಡೆಗಳಂತೆ ಇಲ್ಲಿಯೂ ವಿನಯದ ಗುರುತು. ಇದೆಲ್ಲ ಮುಗಿದು, ಕುಳಿತು, ನೀರೋ ಚಹಾವೋ ಬಂದ ಮೇಲೆ, ಬಂದ ಕೆಲಸದ ಮಾತು.

ಕೆಲಸದ ಒತ್ತಡದಲ್ಲಿರುವ ನಮ್ಮವರಿಗೆ ಇದು ಕಷ್ಟ. ಪಂಪ್ ದುರಸ್ತಿಗೆ ಬಂದ ಎಂಜಿನಿಯರ್ ಗೇಟಿನಲ್ಲೇ ‘ಬೋರ್‌ವೆಲ್ ಎಲ್ಲಿ?’ ಎಂದು ಕೇಳುತ್ತಾರೆ. ವಾರ್ಡಿಗೆ ಬಂದ ನರ್ಸ್ ನೇರ ಥರ್ಮಾಮೀಟರ್ ಹೊರತೆಗೆಯುತ್ತಾರೆ. ಅವರ ಮನಸ್ಸಿನಲ್ಲಿ ಕಳಂಕವಿಲ್ಲ, ಸಮಯ ಉಳಿಸುವ ಕಾಳಜಿ ಮಾತ್ರ ಇದೆ. ಎದುರಿನವರಿಗೆ ತಲುಪುವುದು ಬೇರೆ: ಇವರಿಗೆ ಬೇಕಾದದ್ದು ಬೋರ್‌ವೆಲ್, ನಾನಲ್ಲ. ಲುವೊ ಜನರಲ್ಲಿ ತುಂಬ ಬಳಕೆಯಲ್ಲಿರುವ ಗಾದೆಯೊಂದಿದೆ: ‘ಜಾರಿಕ್ನಿ ಜಾಮುವೊದ್ ನ್ಯೊಯೊ ಗಿ ಕುವೊಯೊ.’ ಆತುರಗಾರ ನ್ಯೊಯೊವನ್ನು ಮರಳಿನ ಸಮೇತ ಅಗಿಯುತ್ತಾನೆ. ನ್ಯೊಯೊ ಎಂದರೆ ಮೆಕ್ಕೆಜೋಳ, ಹುರುಳಿಕಾಯಿ ಬೀಜ ಸೇರಿಸಿ ಬೇಯಿಸಿದ ತಿನಿಸು. ಕಾಳನ್ನು ಆರಿಸದೆ, ತೊಳೆಯದೆ ಒಲೆಗಿಟ್ಟವನ ಹಲ್ಲಿಗೆ ಕಲ್ಲು ಸಿಗುತ್ತದೆ. ಕುಶಲ ವಿಚಾರಿಸದೆ ಕೆಲಸಕ್ಕೆ ನುಗ್ಗಿದವರ ಕೆಲಸವೂ ಹಾಗೆಯೇ ಎಲ್ಲೋ ಒಂದು ಕಡೆ ಕಟ್ ಎನ್ನುತ್ತದೆ. ಐದು ನಿಮಿಷ ಕೊಟ್ಟು ಮಾತನಾಡಿಸಿದ ಮನೆಯಲ್ಲಿ ಅರ್ಧ ಗಂಟೆಯ ಕೆಲಸ ಅರ್ಧ ಗಂಟೆಯಲ್ಲೇ ಮುಗಿಯುವುದನ್ನು ಕಿಸುಮುವಿನಲ್ಲಿದ್ದ ವರ್ಷಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಮಾತನಾಡಿಸದ ಮನೆಯಲ್ಲಿ ಬೀಗದ ಕೈ ಇರುವವರೇ ಸಿಗುತ್ತಿರಲಿಲ್ಲ.

ಎರಡನೆಯದು, ಕರೆಯುವ ಬಗೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡಬೇಕು. ಕನ್ನಡದ ‘ನೀವು’ ಹೊರುವ ಭಾರವನ್ನು ಧೊಲುವೊದಲ್ಲಿ ಹೊರುವುದು ಇದೇ.

ನಿಮಗಿಂತ ದೊಡ್ಡವರನ್ನು ಬರಿ ಹೆಸರಿನಿಂದ ಕರೆಯಬೇಡಿ. ವಯಸ್ಸಾದ ಗಂಡಸು ‘ಜಾದುವೊಙ್’. ಮನೆಯ ಹಿರಿಯರಿಗೂ ಅದೇ, ಊರಿನ ಹಿರಿಯರಿಗೂ ಅದೇ, ಕಚೇರಿಯ ಮೇಲಧಿಕಾರಿಗೂ ಎಷ್ಟೋ ಸಲ ಅದೇ. ತಂದೆಯ ವಯಸ್ಸಿನವರು ‘ಬಾಬಾ’, ತಾಯಿಯ ವಯಸ್ಸಿನವರು ‘ಮಾಮಾ’, ಅಜ್ಜಿಯ ವಯಸ್ಸಿನವರು ‘ದಾನಿ’. ಕಲಿಸುವವರು ‘ಜಾಪುವೊಂಜ್’. ನಿಮ್ಮ ಓರಗೆಯ ಗಂಡಸು ‘ಒಮೆರಾ’, ಹೆಂಗಸು ‘ನ್ಯಾಮೆರಾ’. ಅಣ್ಣ ತಮ್ಮ, ಅಕ್ಕ ತಂಗಿ ಎಂಬ ಭಾವದಲ್ಲಿ. ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕ್, ಓಡಿಸುವ ಹುಡುಗನನ್ನು ‘ಒಮೆರಾ’ ಎಂದು ಕರೆದು ಬಾಡಿಗೆ ಕೇಳುವುದಕ್ಕೂ ‘ಏಯ್’ ಎಂದು ಕೈ ತಟ್ಟುವುದಕ್ಕೂ ಇರುವ ಅಂತರ ನಿಮಗೆ ಗೊತ್ತೇ ಇದೆ. ಹಿರಿಯರು ನಿಮ್ಮನ್ನು ‘ನ್ಯಾಥಿನಾ’ ಎಂದರೆ, ನನ್ನ ಮಗುವೇ ಎಂದರೆ, ನಲವತ್ತು ದಾಟಿದವರೂ ಬೇಸರಪಡಬೇಕಾಗಿಲ್ಲ.

ಮಕ್ಕಳಿರುವವರನ್ನು ಮಕ್ಕಳ ಹೆಸರು ಹಿಡಿದು ಕರೆಯುವುದು ಇನ್ನೂ ಆಪ್ತ. ಅಕಿನ್ಯಿ ಎಂಬ ಹುಡುಗಿಯ ತಾಯಿ ‘ಮಿನ್ ಅಕಿನ್ಯಿ’, ಒತಿಯೆನೊ ಎಂಬ ಹುಡುಗನ ತಂದೆ ‘ವುವೊನ್ ಒತಿಯೆನೊ’. ಇಂತಹವರ ಅಮ್ಮ, ಇಂತಹವರ ಅಪ್ಪ ಎನ್ನುವ ರೂಢಿ ನಮ್ಮ ಹಳ್ಳಿಗಳಲ್ಲಿ ಇರುವುದರಿಂದ ಇದನ್ನು ಕಲಿಯಲು ನಿಮಗೆ ಹೊತ್ತು ಹಿಡಿಯದು. ಹೆಸರುಗಳ ಜಾಡು ತಿಳಿದಿದ್ದರೆ ನೆನಪಿಡುವುದೂ ಸುಲಭ. ‘ಒ’ ಎಂದು ಶುರುವಾದರೆ ಸಾಮಾನ್ಯವಾಗಿ ಗಂಡು, ‘ಅ’ ಎಂದರೆ ಹೆಣ್ಣು. ಉಳಿದ ಭಾಗ ಹುಟ್ಟಿದ ಹೊತ್ತನ್ನೋ ಸಂದರ್ಭವನ್ನೋ ಹೇಳುತ್ತದೆ. ರಾತ್ರಿ ಹುಟ್ಟಿದವರು ಒತಿಯೆನೊ, ಅತಿಯೆನೊ. ಬೆಳಿಗ್ಗೆ ಹುಟ್ಟಿದವಳು ಅಕಿನ್ಯಿ. ಬಿಸಿಲು ಏರಿದಾಗ ಒಚ್ಯೆಙ್, ಅಚ್ಯೆಙ್. ಸಂಜೆಗೆ ಒಧಿಯಾಂಬೊ, ಅಧಿಯಾಂಬೊ. ಮಳೆ ಸುರಿಯುವಾಗ ಒಕೊಥ್, ಅಕೊಥ್. ಅವಳಿಗಳಲ್ಲಿ ಮೊದಲು ಬಂದವನು ಒಪಿಯೊ, ಎರಡನೆಯವನು ಒದೊಂಗೊ. ಹೆಸರು ಕೇಳಿ, ‘ಹಾಗಾದರೆ ನೀವು ಮಳೆಯಲ್ಲಿ ಹುಟ್ಟಿದವರು’ ಎಂದು ಹೇಳಿ ನೋಡಿ. ಎದುರಿನವರ ಮುಖ ಅರಳುತ್ತದೆ.

ಮದುವೆಯಾಗಿ ಬಂದ ಹೆಣ್ಣನ್ನು ಗಂಡನ ಊರಿನವರು ಅವಳ ತವರಿನ ಹೆಸರಿನಿಂದ ಕರೆಯುತ್ತಾರೆ. ‘ನ್ಯಾರ್ ಗೆಮ್’ ಎಂದರೆ ಗೆಮ್ ಸೀಮೆಯ ಮಗಳು, ‘ನ್ಯಾರ್ ಅಲೆಗೊ’ ಎಂದರೆ ಅಲೆಗೊದ ಮಗಳು. ಐವತ್ತು ವರ್ಷ ಸಂಸಾರ ಮಾಡಿ ಮೊಮ್ಮಕ್ಕಳನ್ನು ಕಂಡ ಅಜ್ಜಿಯನ್ನೂ ಊರು ‘ನ್ಯಾರ್ ಗೆಮ್’ ಎಂದೇ ಕರೆಯುತ್ತದೆ. ನನಗೆ ಇದು ತುಂಬ ಇಷ್ಟವಾದ ರೂಢಿ. ಗಂಡನ ಮನೆ ಅವಳ ಹುಟ್ಟೂರನ್ನು ಅಳಿಸಿಹಾಕುವುದಿಲ್ಲ. ದಿನಕ್ಕೆ ಹತ್ತು ಸಲ, ಅವಳನ್ನು ಕರೆಯುವ ನೆಪದಲ್ಲಿ, ಆ ಊರಿನ ಹೆಸರನ್ನೂ ಉಚ್ಚರಿಸುತ್ತದೆ. ಮಕ್ಕಳಿದ್ದಾರೆಯೇ ಎಂದು ನಿಮಗೆ ತಿಳಿಯದಿದ್ದಾಗ ಹೆಂಗಸರನ್ನು ಗೌರವದಿಂದ ಕರೆಯಲು ಇದು ಒಳ್ಳೆಯ ದಾರಿಯೂ ಹೌದು.

‘ಇನ್ ಜಾ ಕಾನ್ಯೆ?’ ನೀವು ಎಲ್ಲಿಯವರು? ಈ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ‘ಅನ್ ಜಾ ಇಂಡಿಯಾ’ ಎಂದು ಅಲ್ಲಿಗೇ ನಿಲ್ಲಿಸಬೇಡಿ. ದೇಶದ ಹೆಸರು ಅವರಿಗೆ ಸಾಲದು. ಊರು ಯಾವುದು, ಅಪ್ಪ ಅಮ್ಮ ಇನ್ನೂ ಅಲ್ಲೇ ಇದ್ದಾರೆಯೇ, ಜಮೀನಿದೆಯೇ, ಏನು ಬೆಳೆಯುತ್ತೀರಿ ಎಂದು ಮುಂದುವರಿಯುತ್ತದೆ. ‘ಅನ್ ಜಾ ಶಿರಸಿ’ ಎನ್ನಿ, ‘ಅನ್ ನ್ಯಾರ್ ಧಾರವಾಡ’ ಎನ್ನಿ. ಆ ಊರು ಎಲ್ಲಿದೆಯೆಂದು ಅವರಿಗೆ ತಿಳಿಯಬೇಕಾಗಿಲ್ಲ. ನಿಮಗೊಂದು ಊರಿದೆ ಎಂದು ತಿಳಿದರೆ ಸಾಕು.

ಇದನ್ನು ಕೆದಕುವ ಕುತೂಹಲ ಎಂದು ತಳ್ಳಿಹಾಕಬಾರದು. ಲುವೊ ಜನರಿಗೆ ಪಟ್ಟಣದಲ್ಲಿರುವುದು ‘ಒತ್’, ಅಂದರೆ ವಾಸದ ಮನೆ. ‘ದಾಲಾ’ ಎಂದರೆ ಪಿತೃಗಳ ನೆಲದಲ್ಲಿ, ಕ್ರಮಪ್ರಕಾರ ಕಟ್ಟಿದ ಮೂಲಮನೆ. ನೈರೋಬಿಯಲ್ಲಿ ಬಂಗಲೆ ಇದ್ದರೂ ದಾಲಾ ಹಳ್ಳಿಯಲ್ಲೇ. ಇದು ಎಷ್ಟು ಗಟ್ಟಿ ಎಂಬುದನ್ನು ಇಡೀ ಕೀನ್ಯಾ 1987ರಲ್ಲಿ ಕಂಡಿತು. ನೈರೋಬಿಯ ಹೆಸರಾಂತ ವಕೀಲ ಎಸ್. ಎಂ. ಒತಿಯೆನೊ 1986ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ಕಿಕುಯು ಎಂಬ ಬೇರೆ ಜನಾಂಗದ ಅವರ ಪತ್ನಿ ವಾಂಬುಯಿ ಒತಿಯೆನೊ ಅವರು ಪತಿಯನ್ನು ನೈರೋಬಿಯ ಬಳಿ ಮಣ್ಣು ಮಾಡಬೇಕೆಂದರು. ಉಮಿರಾ ಕಾಗೆರ್ ಎಂಬ ಪತಿಯ ಕುಲದವರು ಸಿಯಾಯದ ನ್ಯಾಲ್‌ಗುಂಗಾ ಹಳ್ಳಿಯೇ ಸರಿ ಎಂದರು. ತಿಂಗಳುಗಟ್ಟಲೆ ನ್ಯಾಯಾಲಯದಲ್ಲಿ ವಾದ ನಡೆದು, ಕೊನೆಗೆ ಕುಲದ ಪರ ತೀರ್ಪಾಗಿ, ಹಳ್ಳಿಯಲ್ಲೇ ಮಣ್ಣಾಯಿತು. ಆ ತೀರ್ಪು ಪತ್ನಿಗೆ ನ್ಯಾಯವೆಸಗಲಿಲ್ಲ ಎಂದೇ ನನ್ನ ಭಾವನೆ. ಆದರೂ ‘ಎಲ್ಲಿಯವರು?’ ಎಂಬ ಪ್ರಶ್ನೆಗೆ ಅಲ್ಲಿ ಇರುವ ತೂಕ ಅರ್ಥವಾಗಲು ಈ ಪ್ರಕರಣವನ್ನು ತಿಳಿದಿರುವುದು ಒಳ್ಳೆಯದು. ನಿಮ್ಮ ದಾಲಾ ಎಲ್ಲಿ ಎಂದು ಯಾರಾದರೂ ಕೇಳಿದರೆ ನಿಮ್ಮನ್ನು ಮನುಷ್ಯರ ಲೆಕ್ಕಕ್ಕೆ ತೆಗೆದುಕೊಂಡರು ಎಂದು ತಿಳಿಯಿರಿ.

ಇನ್ನು ಕೇಳುವುದು, ಬೇಡುವುದು. ಧೊಲುವೊದಲ್ಲಿ ಬರಿ ಆಜ್ಞೆ ಬಲು ಚಿಕ್ಕದು. ‘ಮಿಯಾ ಪಿ’ ಎಂದರೆ ನೀರು ಕೊಡು. ಮನೆಯ ಮಕ್ಕಳಿಗೆ ಹೇಳಬಹುದು. ಬೇರೆಯವರಿಗೆ ಮುಂದೆ ‘ಯಿಯೆ’ ಸೇರಿಸಬೇಕು: ‘ಯಿಯೆ ಇಮಿಯಾ ಪಿ.’ ಒಪ್ಪಿ ನೀರು ಕೊಡಿ ಎಂಬ ಧಾಟಿ. ಕೊಡುವುದು ಬಿಡುವುದು ಅವರ ಮನಸ್ಸಿಗೆ ಬಿಟ್ಟದ್ದು ಎಂದು ಮೊದಲೇ ಒಪ್ಪಿಕೊಂಡಂತೆ. ಪ್ರಶ್ನೆಯ ರೂಪ ಬೇಕಿದ್ದರೆ ‘ಬೆ ಇನ್ಯಾಲೊ ಕೊನ್ಯಾ?’, ನನಗೆ ಸಹಾಯ ಮಾಡಲಾದೀತೇ? ದೊಡ್ಡ ಉಪಕಾರವಾದರೆ ‘ಅಕ್ವಾಯಿ’, ಬೇಡಿಕೊಳ್ಳುತ್ತಿದ್ದೇನೆ. ಆದಮೇಲೆ ‘ಎರೊಕಮಾನೊ’, ಧನ್ಯವಾದ. ಹಿರಿಯರಿಗಾದರೆ ‘ಎರೊಕಮಾನೊ ಅಹಿನ್ಯಾ, ಮಾಮಾ’. ಆ ಕೊನೆಯ ‘ಮಾಮಾ’ವನ್ನು ನುಂಗಬೇಡಿ, ಬಹುವಚನದ ಕೆಲಸ ಮಾಡುತ್ತಿರುವುದು ಅದೇ.

ಮೀನು ಕೊಳ್ಳುವುದನ್ನೇ ತೆಗೆದುಕೊಳ್ಳಿ. ಕಿಸುಮುವಿನ ಹತ್ತಿರದ ದುಂಗಾ ದಂಡೆಯಲ್ಲಿ ದೋಣಿಗಳು ಬಂದು ನಿಲ್ಲುತ್ತವೆ. ಹೆಂಗಸರು ಒಣಗಿಸಿದ ಒಮೆನಾವನ್ನು, ಬೆರಳುದ್ದವೂ ಇಲ್ಲದ ಬೆಳ್ಳಿ ಬಣ್ಣದ ಮೀನನ್ನು, ಗುಡ್ಡೆ ಹಾಕಿ ಮಾರುತ್ತಾರೆ. ಅಳತೆಗೆ ಗೊರೊಗೊರೊ ಎಂಬ ಡಬ್ಬಿ. ನಮ್ಮವರು ಹೋದವರೇ ‘ಕಡಿಮೆ ಮಾಡು’ ಎಂದು ಚೌಕಾಸಿಗೆ ಇಳಿಯುತ್ತಾರೆ. ಪಳಗಿದ ಗಿರಾಕಿ ಹಾಗೆ ಮಾಡುವುದಿಲ್ಲ. ‘ಅಮೊಸಿ, ಮಾಮಾ’ ಎನ್ನುತ್ತಾಳೆ, ಮನೆಯ ಸುದ್ದಿ ಕೇಳುತ್ತಾಳೆ, ಡಬ್ಬಿ ತುಂಬುವುದನ್ನು ನೋಡುತ್ತಾ ನಿಲ್ಲುತ್ತಾಳೆ, ಅಳೆದು ಸುರಿದಾದ ಮೇಲೆ ಮೆಲ್ಲಗೆ ‘ಮೆದ್‌ನಾ’ ಎನ್ನುತ್ತಾಳೆ. ನನಗಿಷ್ಟು ಸೇರಿಸಿ. ಮಾರುವವರು ಇನ್ನೊಂದು ಹಿಡಿ ಹಾಕುತ್ತಾರೆ. ನಮ್ಮ ಸಂತೆಯ ಕೊಸರು ಅದೇ. ಬೆಲೆ ಇಳಿಸು ಎಂದರೆ ಅವರು ಹೇಳಿದ ಮಾತು ಸುಳ್ಳು ಎಂದಂತೆ. ಸೇರಿಸು ಎಂದರೆ ಅವರ ಕೈ ದೊಡ್ಡದು ಎಂದಂತೆ. ಜೇಬಿಗೆ ಲಾಭ ಎರಡರಲ್ಲೂ ಒಂದೇ. ಹಣ ಕೊಡುವುದು, ಸಾಮಾನು ತೆಗೆದುಕೊಳ್ಳುವುದು ಬಲಗೈಯಿಂದ. ಇದನ್ನು ನಿಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಊಟಕ್ಕೆ ಕರೆದರೆ ಹೋಗಿ. ಬಾಗಿಲಲ್ಲಿ ‘ಓದಿ?’, ಒಳಗೆ ಬರಬಹುದೇ, ಎಂದು ಕೂಗಿ, ‘ದೊಂಜಿ’, ಒಳಗೆ ಬನ್ನಿ, ಎಂಬ ಉತ್ತರ ಬಂದ ಮೇಲೆ ಒಳಗೆ. ಮನೆಯ ಹುಡುಗನೋ ಹುಡುಗಿಯೋ ಚೊಂಬಿನಿಂದ ನಿಮ್ಮ ಕೈಗೆ ನೀರು ಸುರಿಯುತ್ತಾರೆ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ ‘ಕುವೊನ್’, ಜೊತೆಗೆ ‘ಅಲೊತ್’, ಅಂದರೆ ಸೊಪ್ಪು, ಮೀನು, ವಿಶೇಷ ಅತಿಥಿಗಾದರೆ ಕೋಳಿ. ರಾಗಿ ಮುದ್ದೆ ಮುರಿದು ಅಭ್ಯಾಸವಿದ್ದವರ ಬೆರಳುಗಳು ಅಲ್ಲಿ ತಡವರಿಸುವುದಿಲ್ಲ. ಅದನ್ನು ಕಂಡು ಮನೆಯವರು ಬೆರಗಾಗುತ್ತಾರೆ. ನಮ್ಮಲ್ಲಿ ಅನೇಕರು ಸಸ್ಯಾಹಾರಿಗಳು. ಮೀನಿನ ನಾಡಿನಲ್ಲಿ ಅದನ್ನು ಹೇಳುವುದು ಹೇಗೆ ಎಂದು ಕೇಳುತ್ತಾರೆ. ಮೊದಲೇ ತಿಳಿಸಿ, ಮತ್ತು ಕುವೊನ್ ಹಾಗೂ ಸೊಪ್ಪನ್ನು ಮನಸ್ಸಿಟ್ಟು ಉಣ್ಣಿ. ಏನನ್ನೂ ಮುಟ್ಟದೆ ಎದ್ದರೆ ಮನೆಯನ್ನೇ ತಳ್ಳಿದಂತಾಗುತ್ತದೆ. ಸಾಕಾದಾಗ ‘ಅಯಿಯೆಙ್’, ಹೊಟ್ಟೆ ತುಂಬಿತು. ‘ಬೇಡ’ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಮನೆಯೊಳಗೆ ಮಾತಿನ ಸಲಿಗೆ ಯಾರ ನಡುವೆ, ಬಿಗುವು ಯಾರ ನಡುವೆ ಎಂಬುದನ್ನು ಗಮನಿಸುತ್ತಿರಿ. ಅಜ್ಜಿ ಮೊಮ್ಮಕ್ಕಳ ನಡುವೆ ತಮಾಷೆಗೆ ಮಿತಿಯಿಲ್ಲ. ಅಜ್ಜಿ ಮೊಮ್ಮಗನನ್ನು ‘ಚ್ವೊರಾ’, ನನ್ನ ಗಂಡ, ಎಂದು ರೇಗಿಸುತ್ತಾಳೆ. ನಮ್ಮ ಅಜ್ಜಿಯರೂ ಹಾಗೆಯೇ. ಅತ್ತೆ ಅಳಿಯನ ನಡುವೆ ಮಾತ್ರ ಬೇಲಿ. ‘ಮಾರೊ’, ಅಂದರೆ ಹೆಂಡತಿಯ ತಾಯಿ, ಸಂಪ್ರದಾಯ ನಡೆಸುವ ಮನೆಗಳಲ್ಲಿ ಅಳಿಯನ ಮನೆಯಲ್ಲಿ ರಾತ್ರಿ ಮಲಗುವುದಿಲ್ಲ. ಅವರಿಬ್ಬರ ನಡುವೆ ಹಗುರ ಮಾತು ಸಲ್ಲದು. ನೀವು ಮಧ್ಯೆ ಕುಳಿತು ಅವರನ್ನು ನಗಿಸಲು ಹೋಗಬೇಡಿ. ಅವರ ಮೌನಕ್ಕೆ ಜಗಳ ಕಾರಣವಲ್ಲ, ಲುವೊರ್ ಕಾರಣ.

ಮರುಕ ತೋರುವ ‘ಮೊಸ್’ ಎಂಬ ಪುಟ್ಟ ಮಾತನ್ನು ಬಾಯಿಪಾಠ ಮಾಡಿಕೊಂಡೇ ಹೋಗಿ. ಎದುರಿಗೆ ಯಾರೋ ಎಡವಿದರು, ‘ಮೊಸ್’. ತಲೆಯ ಮೇಲೆ ಭಾರ ಹೊತ್ತು ಬಂದರು, ‘ಮೊಸ್’. ಕಾಯಿಲೆಯಿಂದ ಮಲಗಿದ್ದಾರೆ, ಬಸ್ ತಪ್ಪಿಹೋಯಿತು, ಮಳೆಗೆ ಪೈರು ಕೊಚ್ಚಿಹೋಯಿತು, ಎಲ್ಲಕ್ಕೂ ‘ಮೊಸ್’. ನಾನು ಮಾಡಿದ ತಪ್ಪಲ್ಲವಲ್ಲ, ನಾನೇಕೆ ಹೇಳಬೇಕು ಎಂದು ನಮ್ಮವರು ಸುಮ್ಮನಿರುತ್ತಾರೆ. ಅಲ್ಲಿ ಆ ಸುಮ್ಮನಿರುವಿಕೆ ಕಲ್ಲುಮನಸ್ಸಿನಂತೆ ಕಾಣುತ್ತದೆ. ನಿಜವಾಗಿ ತಪ್ಪು ಮಾಡಿ ಕ್ಷಮೆ ಕೇಳುವಾಗ ಬೇರೆಯೇ ಮಾತಿದೆ, ‘ಙ್ವೊನ್ನಾ’. ಇವೆರಡನ್ನೂ ಕಲಸಬಾರದು.

ಸಾವಿನ ಮನೆಯಲ್ಲಿ ‘ಮೊಸ್ ಅಹಿನ್ಯಾ’ ಎಂದು ಕೈ ಹಿಡಿದು, ಹೊರಗೆ ಹಾಕಿದ ಕುರ್ಚಿಯಲ್ಲಿ ಒಂದಷ್ಟು ಹೊತ್ತು ಕುಳಿತರೆ ಸಾಕು, ಹೆಚ್ಚು ಮಾತು ಬೇಡ. ಕೈಲಾದಷ್ಟು ಹಣವನ್ನು ಖರ್ಚಿಗೆ ಕೊಡುವುದು ವಾಡಿಕೆ. ಕೀನ್ಯಾದ ಪತ್ರಿಕೆಗಳಲ್ಲಿ ಬರುವ ನಿಧನ ವಾರ್ತೆಗಳನ್ನು ಓದಿ. ಯಾರ ಮಗ, ಯಾರ ಅಣ್ಣ, ಯಾರ ಅಜ್ಜ ಎಂಬ ಸಾಲು ಮುಗಿಯುವುದೇ ಇಲ್ಲ. 2025ರ ಅಕ್ಟೋಬರ್ 15ರಂದು ಕೀನ್ಯಾದ ಮಾಜಿ ಪ್ರಧಾನಿ ರೈಲಾ ಒಡಿಂಗಾ ಚಿಕಿತ್ಸೆಗೆಂದು ಬಂದಿದ್ದ ಕೇರಳದಲ್ಲಿ ತೀರಿಕೊಂಡರು. ನಮ್ಮ ಪಕ್ಕದ ರಾಜ್ಯದಲ್ಲಿ ನಡೆದ ಆ ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಿಯಾಯದ ಬೊಂಡೊದಲ್ಲಿ, ತಂದೆ ಒಗಿಂಗಾ ಒಡಿಂಗಾ ಅವರ ನೆಲದಲ್ಲಿ ಅವರ ಮಣ್ಣಾಯಿತು. ಆ ದಿನಗಳ ವೀಡಿಯೋಗಳಲ್ಲಿ ಜನ ಅಳುತ್ತಾ ಕೂಗುವುದನ್ನು ಕೇಳಿಸಿಕೊಳ್ಳಿ. ‘ಬಾಬಾ’, ‘ಜಾಕೊಮ್’ (ಅಧ್ಯಕ್ಷ), ‘ಅಗ್ವಾಂಬೊ’ (ನಿಗೂಢ ವ್ಯಕ್ತಿ). ದೇಶವನ್ನೇ ನಡುಗಿಸಿದ ನಾಯಕನಿಗೂ ಮನೆಯ ಹಿರಿಯನಿಗೂ ಒಂದೇ ‘ಬಾಬಾ’. ತಂದೆಯನ್ನು ಲೋಕ ‘ಜಾರಮೋಗಿ’ ಎಂದೇ ಬಲ್ಲದು. ಲುವೊ ಜನರ ಮೂಲಪುರುಷ ರಮೋಗಿಯನ್ನು ನೆನಪಿಸುವ ಬಿರುದು ಅದು. ಗೌರವದ ಬಹುವಚನವಿಲ್ಲದ ಭಾಷೆ ತನ್ನ ದೊಡ್ಡವರಿಗೆ ಇಷ್ಟೆಲ್ಲ ಕೊಟ್ಟಿದೆ.

ಉಚ್ಚಾರದ ಬಗ್ಗೆ ಎರಡೇ ಮಾತು. ನಾನು ಇಲ್ಲಿ ‘ಧ’, ‘ಥ’ ಎಂದು ಬರೆದದ್ದು ನಮ್ಮ ಮಹಾಪ್ರಾಣಗಳಲ್ಲ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಉಸಿರು ಜಾರಿಸಬೇಕು. ‘ಙ’ ನಮ್ಮ ವರ್ಣಮಾಲೆಯಲ್ಲಿ ಇದ್ದೂ ಪದದ ಮೊದಲಿಗೆ ಬಾರದ ಅಕ್ಷರ. ಅಲ್ಲಿ ಅದರಿಂದಲೇ ಪದ ಶುರುವಾಗುತ್ತದೆ. ಧೊಲುವೊದಲ್ಲಿ ಸ್ವರದ ಏರಿಳಿತವೂ ಅರ್ಥ ಬದಲಿಸುತ್ತದೆ, ಬರವಣಿಗೆಯಲ್ಲಿ ಅದನ್ನು ಗುರುತಿಸುವುದಿಲ್ಲ. ಹಾಗಾಗಿ ಪುಸ್ತಕಕ್ಕಿಂತ ಕಿವಿ ಮುಖ್ಯ. ರಮೋಗಿ ಎಫ್‌ಎಂನಂತಹ ಧೊಲುವೊ ಬಾನುಲಿಯನ್ನು ಹೊರಡುವ ಮುಂಚೆಯೇ ಕೇಳುತ್ತಿರಿ.

ಸಭೆಯ ಕೊನೆಗೆ ಒಬ್ಬ ಯುವ ವೈದ್ಯರು ಕೇಳಿದರು: ಆಸ್ಪತ್ರೆಯಲ್ಲಿ ಎಲ್ಲರಿಗೂ ಇಂಗ್ಲಿಷ್, ಸ್ವಾಹಿಲಿ ಬರುತ್ತದಂತೆ, ಇಷ್ಟೆಲ್ಲ ಬೇಕೇ? ಕಿಸುಮು ಪಟ್ಟಣದಲ್ಲಿ ಅವೆರಡರಲ್ಲಿ ಕೆಲಸ ಸಾಗುತ್ತದೆ, ನಿಜ. ಆದರೆ ನಿಮ್ಮ ಮುಂದೆ ಕೂರುವ ರೋಗಿಗಳಲ್ಲಿ ಹಳ್ಳಿಯಿಂದ ಬಂದ ಅಜ್ಜಿಯರು ಇರುತ್ತಾರೆ. ತಮ್ಮ ನೋವನ್ನು ಅವರು ಹೇಳುವುದು ತಮಗೆ ಬರುವ ಭಾಷೆಯಲ್ಲೇ, ಅದೂ ಎದುರಿನವರು ಕೇಳಲು ಸಿದ್ಧರಿದ್ದಾರೆ ಎನಿಸಿದಾಗ. ರೋಗದ ಪ್ರಶ್ನೆಗಳನ್ನು ದುಭಾಷಿಯ ಮೂಲಕವೇ ಕೇಳಿ, ಅದು ಸುರಕ್ಷಿತ. ಅದಕ್ಕೆ ಮೊದಲು, ಕಡತ ತೆರೆಯುವ ಮೊದಲು, ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡು ‘ಅಮೊಸಿ, ದಾನಿ. ಇಚ್ಯೆವ್ ನಾದೆ?’ ಎಂದು ನೀವೇ ಕೇಳಿ, ಮತ್ತು ಉತ್ತರ ಪೂರ್ತಿಯಾಗುವವರೆಗೆ ಪೆನ್ನು ಮುಟ್ಟಬೇಡಿ.